ಎರಡೂ ಕಿವಿ ಕಾಣಬೇಕು

ಬೈಕುಲ್ಲಾ ಸ್ಟೇಷನ್ನಿನ ಪೂರ್ವಕ್ಕೆ
ಇರಾನಿ ಹೋಟೆಲಿನ ಮೆಟ್ಟಿಲ ಕೆಳಗೆ
ಅಪ್ಪನ ಬಂಗೇರ ಸ್ಟುಡಿಯೋ.
ಒಂದು ಸ್ಟೂಲು, ಒಂದು ನೀಲಿ ಪರದೆ,
ದಾರ ಕಟ್ಟಿದ ಬಾಚಣಿಗೆ,
ಯಾರಿಗೂ ಸರಿಯಾಗದೆ ಎಲ್ಲರಿಗೂ ಆಗುವ ಒಂದು ಕೋಟು.

ದುಬೈಗೆ ಹೊರಟವರು, ಮಸ್ಕತ್ತಿಗೆ ಹೊರಟವರು,
ಹೊರಟೆವು ಹೊರಟೆವು ಎನ್ನುತ್ತ ವರ್ಷಕ್ಕೊಮ್ಮೆ ಬಂದು
ಹೊಸ ಫೋಟೋ ತೆಗೆಸಿಕೊಳ್ಳುವವರು,
ಎಲ್ಲರಿಗೂ ಅಪ್ಪನದು ಒಂದೇ ಮಾತು:
ಗಲ್ಲ ಸ್ವಲ್ಪ ಕೆಳಗೆ. ನಗಬೇಡಿ.
ಎರಡೂ ಕಿವಿ ಕಾಣಬೇಕು.

ಆ ಭಾನುವಾರ
ಹನ್ನೆರಡರ ರೀಲಿನಲ್ಲಿ ಐವರು ಗಿರಾಕಿಗಳು ಆಗಲೇ ಕೂತಿದ್ದರು.
ಉಳಿದದ್ದು ಏಳು.
ಸೋಮವಾರದವರೆಗೆ ಯಾಕೆ ಕಾಯಿಸುವುದು ಅಂದ ಅಪ್ಪ.
ರಾಣಿಬಾಗಿಗೆ ಹೋಗುವ ಅಂದಳು ಅಮ್ಮ,
ಹತ್ತು ವರ್ಷ ಬೆಳಗ್ಗೆ ಗೋಡೆಯಾಚೆಯ ಸಿಂಹ ಕೇಳುತ್ತ
ಅಕ್ಕಿ ತೊಳೆದವಳು.

ಮ್ಯೂಸಿಯಮ್ಮಿನ ಪಕ್ಕ
ಗಾರಾಪುರಿಯಿಂದ ಬಂದ ಕಲ್ಲಾನೆ.
ಅಪ್ಪ ನಿಂತೇಬಿಟ್ಟ.
ಎಂಥ ಗಿರಾಕಿ! ಅಲ್ಲಾಡುವುದಿಲ್ಲ, ನಗುವುದಿಲ್ಲ.
ಮೊದಲ ಫ್ರೇಮು ಅಲ್ಲಿಗೇ ಹೋಯಿತು.
"ಜೀವ ಇರುವುದನ್ನು ತೆಗೆಯಿರಿ ಮಾರಾಯ್ರೆ."

ಅಪ್ಪನದು ಎರಡು ಕಣ್ಣಿನ ಹಳೆಯ ಯಾಶಿಕಾ,
ಮೇಲಿನಿಂದ ಬಗ್ಗಿ ನೋಡಬೇಕು.
ಹಾಗಾಗಿ ಪಂಜರ ಪಂಜರಕ್ಕೂ ತಲೆ ತಗ್ಗಿಸಿ ನಿಂತ,
ದೈವದ ಮುಂದೆ ನುಡಿಗೆ ಕಾದವನ ಹಾಗೆ.
ಗಾಜಿನೊಳಗೆ ಎಡ ಬಲವಾಗುತ್ತದೆ, ಬಲ ಎಡ.
ಸ್ಟೂಲಿನ ಮೇಲೆ ಕೂತವರಿಗೆ ಅದು ಲೆಕ್ಕಕ್ಕಿಲ್ಲ.
ಕರಡಿಗೆ ಇದೆ.
ಕರಡಿ ಅತ್ತ, ಅಪ್ಪ ಇತ್ತ,
ನಡುವೆ ಕ್ಲಿಕ್ ಎಂದಿತು ಕಂಬಿ.

ಕೋತಿ ಬೆನ್ನು ಕೊಟ್ಟಿತು. ಅದೂ ಒಂದು ಫ್ರೇಮು.
ಪೆಲಿಕನ್ನಿಗೆ ಮೈಯೆಲ್ಲ ಗಲ್ಲ,
ಕೆಳಗೆ ಮಾಡು ಅಂದರೆ ಎಲ್ಲಿಗೆ ಮಾಡೀತು?
ಮೊಸಳೆ ನಗುತ್ತಿತ್ತು. ರಿಜೆಕ್ಟ್.

"ಪಾಸ್‌ಪೋರ್ಟ್ ಇಲ್ಲದೆ ಇವೆಲ್ಲ ಅಷ್ಟು ದೂರದಿಂದ
ಹೇಗೆ ಬಂದವು?" ಯಾದವ ಕೇಳಿದ, ಆರು ವರ್ಷದವ.
ಅಪ್ಪ ಲೆನ್ಸು ಒರೆಸಿದ.
"ಬರಲಿಕ್ಕೆ ಬೇಡ ಮಗಾ.
ಹೋಗಲಿಕ್ಕೆ ಬೇಕು."

ನೀರಾನೆಯೊಂದು ಮಾತ್ರ
ಕೆಸರಿನಿಂದ ತಲೆಯೆತ್ತಿ ನೇರ ನೋಡಿ
ಚಿಕ್ಕ ಚಿಕ್ಕ ಕಿವಿ ಎರಡನ್ನೂ ಪಟಪಟ ಬಡಿದು
ಹಾಗೇ ನಿಂತಿತು, ಹೇಳಿ ಕೂರಿಸಿದ ಹಾಗೆ.
ಅಪ್ಪ ಎರಡು ತೆಗೆದ.
"ಆಯ್ತು, ಏಳಬಹುದು" ಅಂದದ್ದು
ನನಗೊಬ್ಬಳಿಗೇ ಕೇಳಿಸಿತು.

ಆರನೆಯದು ನನ್ನ ಕೈಯ ಗೋಳಿಬಜೆ ಕಿತ್ತ ಕಾಗೆಗೆ,
ಟಿಕೆಟಿಲ್ಲದೆ ಬಂದದ್ದು.

ಇನ್ನೊಂದು ಇತ್ತು.
"ಗುಲಾಬೀ, ಅಲ್ಲಿ ನಿಲ್ಲು, ಜಿಂಕೆಯ ಬೇಲಿಯ ಹತ್ತಿರ."
ನಂದ್ಯಾಕೆ ಅನ್ನುತ್ತಲೇ ಅಮ್ಮ ನಿಂತಳು.
ಯಾರೂ ಹೇಳದೆ ಕೂದಲು ಕಿವಿಯ ಹಿಂದೆ ಸರಿಸಿದಳು,
ಗಲ್ಲ ಇಳಿಸಿದಳು, ನಗು ನುಂಗಿದಳು.
ಅಪ್ಪ ಪೆಟ್ಟಿಗೆಯೊಳಗೆ ಬಗ್ಗಿದವನು ಏಳಲೇ ಇಲ್ಲ.
ಬಹಳ ಹೊತ್ತಾದ ಮೇಲೆ, ತಲೆಯೆತ್ತದೆ,
"ನಕ್ಕರೆ ಅಡ್ಡಿಯಿಲ್ಲ" ಅಂದ.
ಅವಳಿಗೆ ಆಗಲಿಲ್ಲ.

ಸೋಮವಾರ ರಾತ್ರಿ ಡಾರ್ಕ್‌ರೂಮಿನ ಹಗ್ಗದಲ್ಲಿ
ಮಸ್ಕತ್ತಿನ ನರ್ಸು, ಕೊಲ್ಹಾಪುರದ ವೆಲ್ಡರು,
ಒಂದೇ ಕೋಟಿನೊಳಗೆ ಸರದಿಯಲ್ಲಿ ಹೊಕ್ಕ ಅಣ್ಣ ತಮ್ಮ,
ವೀಸಾ ಬಾರದ ಮುದುಕ,
ಕಲ್ಲಾನೆ, ಕರಡಿಯ ಮಬ್ಬು, ಬೆನ್ನು,
ನೀರಾನೆ, ನೀರಾನೆ, ಕಾಗೆ, ಅಮ್ಮ.
ಒಂದೇ ಕ್ಲಿಪ್ಪಿಗೆ ಜೋತು ಹನಿಯುತ್ತಿದ್ದರು.

ಮಸ್ಜಿದ್ ಬಂದರಿನ ಮಸಾಲೆ ಗೋದಾಮಿಗೆ ಹೋಗುತ್ತಿದ್ದ ಅಮ್ಮನ
ರೈಲ್ವೆ ಪಾಸಿಗೆ ಅದನ್ನೇ ಕತ್ತರಿಸಿ ಅಂಟಿಸಿದರು.
ಎಷ್ಟು ಒತ್ತಿ ಕತ್ತರಿಸಿದರೂ ಉಳಿಯಿತು
ಬಲಗಿವಿಯ ಮೇಲೊಂದು ಕೊಂಬಿನ ಕವಲು.
ಹನ್ನೊಂದು ವರ್ಷ ಟೀಸಿಗಳು ಫೋಟೋ ನೋಡಿ, ಮುಖ ನೋಡಿ,
ಪಾಸು ಹಿಂದೆ ಕೊಟ್ಟರು.
ಒಬ್ಬ ಮಾತ್ರ, ಸ್ಯಾಂಡ್‌ಹರ್ಸ್ಟ್ ರೋಡಿನಲ್ಲಿ,
ಉಗುರಿನಿಂದ ಕೆರೆದು ನೋಡಿ
ಇದೇನು ಬಾಯಿ ಅಂದನಂತೆ.

ನಂದೇ, ಅಂದಳಂತೆ ಅಮ್ಮ.